ಚೌಡಾಪುರದ ಚರಿತ್ರೆ ಯಾರ ದಫ್ತರದಲ್ಲಿದೆ?

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಹಾದಿಯಲ್ಲಿ ಚೌಡಾಪುರ ಸಿಗುತ್ತದೆ. ಇಲ್ಲಿಂದ ಒಂದು ರಸ್ತೆ ಅಫಜಲಪುರದ ಕಡೆ ಹೋದರೆ ಇನ್ನೊಂದು ದೇವಲ ಗಾಣಗಾಪುರದ ಕಡೆ ತಿರುಗುತ್ತದೆ. ದತ್ತಾತ್ರೇಯನ ಪಾದುಕೆ ಕಾಣಲು ಕಲಬುರಗಿ ಕಡೆಯಿಂದ ಬರುವ ಜನ ಈ ತಿರುವು ದಾಟಿಯೇ ಹೋಗಬೇಕು. ಬಸ್ಸು ನಿಲ್ಲುತ್ತದೆ. ಒಂದಿಷ್ಟು ಜನ ಮಿರ್ಚಿ, ಸೂಸಲ ತಿಂದು, ಅರ್ಧ ಕಪ್ ಚಹಾ ಕುಡಿದು ಮತ್ತೆ ಏರುತ್ತಾರೆ. "ಚೌಡಾಪುರ ಬಂತೇನ್ರಿ?" ಅಂತ ಕೇಳುವ ಯಾತ್ರಿಕ ಇಳಿಯಲಿಕ್ಕೆಂದು ಕೇಳುವುದಿಲ್ಲ. ಗಾಣಗಾಪುರ ಇನ್ನೆಷ್ಟು ದೂರ ಉಳೀತು ಅಂತ ಲೆಕ್ಕ ಹಾಕಲಿಕ್ಕೆ ಕೇಳುತ್ತಾನೆ.

ನಮ್ಮ ಚರಿತ್ರೆಯ ಪುಸ್ತಕಗಳದ್ದೂ ಇದೇ ನಡೆ. ಈ ಸೀಮೆಯ ಚರಿತ್ರೆ ಅಂದರೆ ಮಳಖೇಡದ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, 1347ರಲ್ಲಿ ತಖ್ತ್ ಏರಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳು, ಬಿಜಾಪುರದ ಆದಿಲಶಾಹಿ, ಔರಂಗಜೇಬ, ನಿಜಾಮ. ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ಚರಿತ್ರೆಯ ಬಸ್ಸು ಓಡುತ್ತದೆ. ನಡುವೆ ಬರುವ ಸಾವಿರ ಹಳ್ಳಿಗಳಲ್ಲಿ ಅದು ನಿಲ್ಲುವುದಿಲ್ಲ. ಕೋಟೆಯ ಕಲ್ಲು ಎತ್ತಿದ ಕೈಗಳು ಯಾವ ಊರಿನವು, ಸೈನ್ಯ ತಿಂದ ಜೋಳ ಯಾರು ಬಿತ್ತಿದ್ದು ಅಂತ ಯಾರೂ ಕೇಳಲಿಲ್ಲ.

ಗೆಳೆಯರೆ, ಚೌಡಾಪುರದಂಥ ಸಣ್ಣ ಊರಿಗೆ ಚರಿತ್ರೆ ಇಲ್ಲ ಅನ್ನುವುದು ಸುಳ್ಳು. ಚರಿತ್ರೆ ಇದೆ. ಅದರ ಕಾಗದ ಮಾತ್ರ ಬೇರೆಯವರ ಕೈಯಲ್ಲಿದೆ. ಈ ಕಾಗದದ ಪ್ರಶ್ನೆ ಬರೇ ಓದು ಬರಹದವರ ಚಟವಲ್ಲ. ಹೊಲದ ಪ್ರಶ್ನೆ, ಅನ್ನದ ಪ್ರಶ್ನೆ ಅದಕ್ಕೆ ಅಂಟಿಕೊಂಡಿದೆ. ಅದು ಹೇಗೆ ಅನ್ನುವುದನ್ನು ನೆಲದಿಂದಲೇ ಸುರು ಮಾಡಿ ನೋಡೋಣ.

ನೆಲ

ಚೌಡಾಪುರದ ಹೊರಗೆ ನಿಂತು ನೋಡಿದರೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ದೊಡ್ಡ ಗುಡ್ಡವಿಲ್ಲ, ಕಾಡಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಬಹುಪಾಲು ಹೀಗೇ ಬಯಲು. ಅಲ್ಲೊಂದು ಬೇವಿನ ಮರ, ಇಲ್ಲೊಂದು ಜಾಲಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಉಕ್ಕಿ ಹರಿದ ಲಾವಾ ತಣ್ಣಗಾಗಿ ಕರಿಕಲ್ಲಾಯಿತು. ಆ ಕಲ್ಲು ಸವೆದು ಈ ಎರೆಮಣ್ಣಾಯಿತು. ಮೂಡಣಕ್ಕೆ ಶಹಾಬಾದ, ಸೇಡಂ ಕಡೆ ಹೋದರೆ ನೆಲದ ಜಾತಿ ಬದಲಾಗುತ್ತದೆ, ಸುಣ್ಣದಕಲ್ಲು ಸುರುವಾಗುತ್ತದೆ. ಶಹಾಬಾದಿನ ಪರಸಿ ಅಲ್ಲಿಂದಲೇ ಬರುವುದು.

ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯ ಸೀಮೆ ಇದು. ಆ ಮಳೆಯ ನೀರನ್ನು ಎರೆ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೆ ಆ ತೇವದ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ಹಿಂಗಾರಿ ಬಿಳಿಜೋಳ ಬರುತ್ತದೆ. ಕಡಲೆ, ಕುಸುಬಿ ಬರುತ್ತವೆ. ಮುಂಗಾರಿಗೆ ತೊಗರಿ, ಹೆಸರು, ಉದ್ದು. ಈ ನೆಲದ ತೊಗರಿಬೇಳೆಗೆ 2019ರಲ್ಲಿ ಸರ್ಕಾರದ ಭೌಗೋಳಿಕ ಸೂಚಕದ ಮುದ್ರೆ ಬಿತ್ತು. ಬೇಳೆಗೆ ಊರಿನ ಹೆಸರು ಬಂತು. ಬೇಳೆ ಬೆಳೆದ ಆಳಿಗೆ ಹೆಸರು ಬಂತೇನು?

ಯಾಕೆ ಕೇಳುತ್ತೇನೆಂದರೆ, ಎರೆ ಅನ್ನುವುದು ಸುಮ್ಮನೆ ಬಗ್ಗುವ ಮಣ್ಣಲ್ಲ. ಕರಿಕೆಯ ಬೇರು ಇಳಿದ ಹೊಲವನ್ನು ಹಸನು ಮಾಡಲು ಮೂರು-ನಾಲ್ಕು ಜೋಡಿ ಎತ್ತು ಹೂಡಿದ ದೊಡ್ಡ ನೇಗಿಲು ಬೇಕಾಗಿತ್ತು. ಆ ನೇಗಿಲ ಹಿಂದೆ ಬಗ್ಗಿ ಹೆಂಟೆ ಒಡೆದವರು, ಕರಿಕೆ ಆಯ್ದವರು ಗಂಡು-ಹೆಣ್ಣು ಕೂಡಿ ಕೇರಿಯ ಜನ. ಆದರೆ ಆಳವಾದ ಎರೆ ಯಾರ ಹೆಸರಿಗಿದೆ? ಕೇರಿಯವರ ಪಾಲಿಗೆ ಎಲ್ಲಾದರೂ ಒಂದೆರಡು ಎಕರೆ ಬಂದಿದ್ದರೆ ಅದು ಹೆಚ್ಚಾಗಿ ಮರಡಿ, ಇಲ್ಲಾ ಹಳ್ಳ ಕೊರೆದ ಅಂಚು. ನೇಗಿಲು ಕೂತರೆ ಕಲ್ಲು ಏಳುವ ನೆಲ. ಮಣ್ಣಿಗೂ ನಮ್ಮಲ್ಲಿ ಜಾತಿ ಇದೆ ಅನ್ನುವುದು ಇದಕ್ಕೇ.

ಎಳ್ಳ ಅಮಾಸಿ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಚಂದದ ಹಬ್ಬ, ನಮ್ಮ ಸೀಮೆಯ ಹೆಮ್ಮೆಯ ಹಬ್ಬ. ಅವತ್ತು ಹೊಲ ಇಲ್ಲದವರೂ ಉಣ್ಣುತ್ತಾರೆ, ಧಣಿಯ ಹೊಲದಲ್ಲಿ ಬದುವಿನ ಆಚೆ ಕೂತು. ತಾಯಿ ಎಲ್ಲರಿಗೂ ಒಬ್ಬಳೇ ಅಂತ ಹಾಡುತ್ತೇವೆ. ಸಂಜೆ ಮನೆಗೆ ಬರುವಾಗ ತಾಯಿಯ ಪಹಣಿ ಮಾತ್ರ ಒಬ್ಬರ ಹೆಸರಿನಲ್ಲೇ ಇರುತ್ತದೆ.

1972ರ ಬರ ಈ ಬಯಲನ್ನು ಸುಟ್ಟಿತು. ಕಾಮಗಾರಿಯಲ್ಲಿ ಕಲ್ಲು ಒಡೆದು, ಹೊರದೇಶದ ಕೆಂಪು ಜೋಳ ತಿಂದು ಬದುಕಿದ್ದನ್ನು ನಮ್ಮ ಹಿರಿಯರು ಇವತ್ತಿಗೂ ಹೇಳುತ್ತಾರೆ. ಈ ಕಡೆಯ ರಸ್ತೆಗಳ ಕೆಳಗೆ ಆ ಜಲ್ಲಿ ಇದೆ. ರಸ್ತೆಯ ಚರಿತ್ರೆ ಬರೆಯುವವರು ಉದ್ಘಾಟನೆಯ ಕಲ್ಲು ಓದುತ್ತಾರೆ. ನಾವು ಜಲ್ಲಿಯನ್ನು ಓದಬೇಕು.

ಹೊಳೆ

ಚೌಡಾಪುರ ಹೊಳೆದಂಡೆಯ ಊರಲ್ಲ. ಆದರೆ ತಿರುವಿನಿಂದ ಗಾಣಗಾಪುರಕ್ಕೆ ಹೋದರೆ ಭೀಮೆ ಸಿಗುತ್ತಾಳೆ. ಆಳಂದದ ಕಡೆಯಿಂದ ಬರುವ ಅಮರ್ಜಾ ಅಲ್ಲಿ ಅವಳನ್ನು ಕೂಡುತ್ತಾಳೆ. ಭೀಮೆ ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುವ ಹೊಳೆ. ಅವಳ ದಂಡೆ ಹಿಡಿದು ನಡೆದರೆ ಪುರಾಣ ಹೇಳದ ಬೇರೊಂದು ಚರಿತ್ರೆ ಸಿಗುತ್ತದೆ.

ಮೇಲೆ, ಪುಣೆ ಜಿಲ್ಲೆಯಲ್ಲಿ, ಇದೇ ಹೊಳೆಯ ದಂಡೆಯ ಮೇಲೆ ಕೋರೆಗಾಂವ ಇದೆ. 1818ರ ಜನವರಿ 1ರಂದು ಅಲ್ಲಿ ಪೇಶ್ವೆಯ ದೊಡ್ಡ ಸೈನ್ಯದ ಎದುರು ಕಂಪನಿಯ ಸಣ್ಣ ತುಕಡಿ ನಿಂತಿತು. ಆ ತುಕಡಿಯಲ್ಲಿ ಮಹಾರ್ ಸಿಪಾಯಿಗಳು ಬಹಳಿದ್ದರು. ಸತ್ತವರ ಹೆಸರು ಅಲ್ಲಿನ ಕಂಬದ ಮೇಲೆ ಕೆತ್ತಿದೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿ ಆ ಹೆಸರುಗಳ ಮುಂದೆ ನಿಂತರು. ಕಂಪನಿ ಸರ್ಕಾರ ನಮ್ಮ ಉದ್ಧಾರಕ್ಕೆ ಬಂದದ್ದಲ್ಲ, ಅದು ನಮಗೆ ಗೊತ್ತಿದೆ. ಆದರೆ ಕಲ್ಲಿನ ಮೇಲೆ ನಮ್ಮವರ ಹೆಸರು ಉಳಿಯಿತು. ಹೆಸರು ಉಳಿದದ್ದಕ್ಕೇ ನೂರು ವರ್ಷದ ಮೇಲೂ ಒಂದು ಚಳವಳಿಗೆ ಕಾಲೂರಲು ಜಾಗ ಸಿಕ್ಕಿತು.

ಅಲ್ಲಿಂದ ಕೆಳಗೆ ಪಂಢರಾಪುರ. ಮಹಾರ್ ಕುಲದ ಸಂತ ಚೋಖಾಮೇಳ 14ನೆಯ ಶತಮಾನದವನು. ಮಂಗಳವೇಢೆಯಲ್ಲಿ ಊರಗೋಡೆ ಕಟ್ಟುವಾಗ ಗೋಡೆ ಕುಸಿದು ಸತ್ತನೆಂದು ಸಂಪ್ರದಾಯ ಹೇಳುತ್ತದೆ. ಬದುಕಿದ್ದಾಗ ವಿಠ್ಠಲನ ಗುಡಿಯೊಳಗೆ ಅವನಿಗೆ ಪ್ರವೇಶವಿರಲಿಲ್ಲ. ಸತ್ತ ಮೇಲೆ ಸಮಾಧಿ ಸಿಕ್ಕಿದ್ದೂ ಮಹಾದ್ವಾರದ ಹೊರಗೆ. ಆ ಗುಡಿಯ ಬಾಗಿಲು ಅಸ್ಪೃಶ್ಯರಿಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿ ಉಪವಾಸ ಕೂತ ಮೇಲೆ. ಆರು ನೂರು ವರ್ಷ ಒಬ್ಬ ಸಂತ ಬಾಗಿಲಲ್ಲಿ ಕಾಯಬೇಕಾಯಿತು!

ಗಾಣಗಾಪುರ ದಾಟಿ ಇನ್ನೂ ಕೆಳಗೆ ಹೋದರೆ ಚಿತ್ತಾಪುರ ತಾಲೂಕಿನ ಸನ್ನತಿ. ಅಲ್ಲಿ ಚಂದ್ರಲಾಂಬೆಯ ಗುಡಿ ಇದೆ. 1980ರ ದಶಕದ ಕೊನೆಯ ಭಾಗದಲ್ಲಿ ಆ ಆವರಣದ ಕಾಳಿಯ ಗುಡಿ ಕುಸಿಯಿತು. ಮೂರ್ತಿ ನಿಲ್ಲಿಸಿದ್ದ ಪೀಠದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಎರಡು ಸಾವಿರ ವರ್ಷ ದಾಟಿದ ಬರಹ. ಮೂರ್ತಿ ಕೂಡಿಸಲು ಆ ಬರಹದ ನಡುವೆಯೇ ತೂತು ಕೊರೆದಿದ್ದರು. ಆ ಕಲ್ಲಿನಲ್ಲಿ ಏನಿತ್ತು? ಬೇರೆ ಮತದವರನ್ನೂ ಗೌರವಿಸಬೇಕು, ಅಧಿಕಾರಿಗಳು ಕಾರಣವಿಲ್ಲದೆ ಜನರನ್ನು ಸೆರೆಗೆ ಹಾಕಬಾರದು, ಹಿಂಸಿಸಬಾರದು ಅನ್ನುವ ಅರ್ಥದ ಮಾತಿತ್ತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಎದ್ದು ಬಂತು. ಅಶೋಕನ ಹೆಸರು ಬರೆದಿರುವ ಅಶೋಕನ ಶಿಲ್ಪವೂ ಅಲ್ಲಿ ಸಿಕ್ಕಿತು.

ಅಂದರೆ ನಮ್ಮ ಭೀಮೆಯ ದಂಡೆ ಒಂದು ಕಾಲಕ್ಕೆ ಬುದ್ಧನ ದಂಡೆ. ಯಾರೂ ಆ ಚರಿತ್ರೆಯನ್ನು ಸುಟ್ಟಿರಲಿಲ್ಲ. ಅದರ ಮೇಲೆ ಬೇರೆಯದನ್ನು ಕೂಡಿಸಿದ್ದರು, ಅಷ್ಟೇ. ಕೈಮುಗಿದು ನಿಂತ ಜನರಿಗೆ ಪೀಠದ ಕಲ್ಲಿನಲ್ಲಿ ಅಕ್ಷರ ಇದೆ ಅಂತ ತಿಳಿಯದೆ ಶತಮಾನಗಳು ಹೋದವು. 2009ರಲ್ಲಿ ಕಲಬುರಗಿಯ ಹೊರಗೆ ಬುದ್ಧವಿಹಾರ ತೆರೆದಾಗ ಕೆಲವರು "ಇದೇನ್ರಿ ಹೊಸಾದು?" ಅಂದರು. ಹೊಸದಲ್ಲ ಸ್ವಾಮಿ. ಅದು ಹೊಳೆಗೆ ಹಳೇ ಪರಿಚಯ.

ಬೂದಿ

ಈಗ ಗಾಣಗಾಪುರಕ್ಕೆ ಬರೋಣ. ಚೌಡಾಪುರದ ತಿರುವಿಗೆ ಬೆಲೆ ಬಂದದ್ದೇ ಗಾಣಗಾಪುರದಿಂದ. 15ನೆಯ ಶತಮಾನದಲ್ಲಿ ನರಸಿಂಹ ಸರಸ್ವತಿ ಅಲ್ಲಿ ನೆಲೆಸಿದ್ದರೆಂದು, ದತ್ತನ ಅವತಾರವೆಂದು ಭಕ್ತರು ನಂಬುತ್ತಾರೆ. ಅವರ ಮಹಿಮೆ ಹೇಳುವ ಗುರುಚರಿತ್ರೆ ಮರಾಠಿಯ ಪುಸ್ತಕ. ಭಕ್ತರು ಏಳು ದಿನ ಹಿಡಿದು ಪಾರಾಯಣ ಮಾಡುತ್ತಾರೆ. ಅದರಲ್ಲಿ ಗಾಣಗಾಪುರದಲ್ಲೇ ನಡೆಯುವ ಒಂದು ಕಥೆ ಇದೆ. ನಮ್ಮ ಹುಡುಗರು ಅದನ್ನು ಓದಬೇಕು, ನಮ್ಮ ಕಣ್ಣಿನಿಂದ ಓದಬೇಕು.

ವೇದ ಕಲಿತ ಮದದಲ್ಲಿ ಇಬ್ಬರು ಬ್ರಾಹ್ಮಣರು ಬರುತ್ತಾರೆ. ವಾದ ಮಾಡಿ, ಇಲ್ಲವೇ ಗೆದ್ದಿರೆಂದು ನಮಗೆ ಜಯಪತ್ರ ಕೊಡಿ ಅನ್ನುತ್ತಾರೆ. ಗುರು ಹಾದಿಯಲ್ಲಿ ಹೋಗುತ್ತಿದ್ದ ಒಬ್ಬ ಕೀಳುಕುಲದವನನ್ನು ಕರೆಸುತ್ತಾರೆ. ನೆಲದ ಮೇಲೆ ಏಳು ಗೆರೆ ಎಳೆಸುತ್ತಾರೆ. ಅವನು ಒಂದೊಂದು ಗೆರೆ ದಾಟಿದಂತೆ ಒಂದೊಂದು ಹಿಂದಿನ ಜನ್ಮ ನೆನಪಾಗುತ್ತದೆ. ಏಳನೆಯ ಗೆರೆಗೆ ಅವನು ವೇದ ಬಲ್ಲ ಬ್ರಾಹ್ಮಣ. ಗುರು ವಿಭೂತಿ ಹಾಕಿದ ಮೇಲೆ ವಾದಕ್ಕೆ ನಿಲ್ಲುತ್ತಾನೆ. ಬಂದವರ ಗರ್ವ ಇಳಿಯುತ್ತದೆ. ಆಮೇಲೆ? ಅವನಿಗೆ ಮನೆಗೆ ಹೋಗಲು ಮನಸ್ಸಿಲ್ಲ. ಹೆಂಡತಿ ಮಕ್ಕಳು ಬಂದರೆ ಮುಟ್ಟಬೇಡಿರಿ ಅನ್ನುತ್ತಾನೆ. ಆಗ ಗುರು ಅವನ ಮೇಲೆ ನೀರು ಹಾಕಿಸುತ್ತಾರೆ. ಬೂದಿ ತೊಳೆದು ಹೋಗುತ್ತದೆ. ಬೂದಿಯ ಜೊತೆ ವಿದ್ಯೆಯೂ ಹೋಗುತ್ತದೆ. ಏನೂ ತಿಳಿಯದವನಾಗಿ ಅವನು ಕೇರಿಗೆ ಮರಳುತ್ತಾನೆ.

ಭಕ್ತರು ಇಲ್ಲಿ ವಿಭೂತಿಯ ಮಹಿಮೆ ನೋಡುತ್ತಾರೆ. ನೋಡಲಿ. ನಾವು ಬೇರೆ ಮೂರು ಸಂಗತಿ ನೋಡಬೇಕು. ಒಂದು, ಆ ಮನುಷ್ಯನ ಹೆಸರು ಯಾರಿಗೂ ನೆನಪಿಲ್ಲ. ಎರಡು, ಇಬ್ಬರು ಬ್ರಾಹ್ಮಣರ ಜಗಳ ತೀರಿಸಲು ಅವನಿಗೆ ವಿದ್ಯೆಯನ್ನು ಒಂದು ಹೊತ್ತಿನ ಮಟ್ಟಿಗೆ ಕಡ ಕೊಟ್ಟರು, ಕೆಲಸ ಮುಗಿದ ಮೇಲೆ ಇಸಕೊಂಡರು. ಮೂರನೆಯದು ನಮಗೇ ಚುಚ್ಚುವಂಥದ್ದು. ವಿದ್ಯೆ ಬಂದ ಕೂಡಲೇ ಅವನು ಮೊದಲು ಆಡಿದ ಮಾತು ಹೆಂಡತಿ ಮಕ್ಕಳಿಗೆ, ದೂರ ಇರ್ರಿ ಅಂತ. ಮನೆತನದಲ್ಲಿ ಮೊದಲ ಸಲ ಡಿಗ್ರಿ ತಂದ ನಮ್ಮಂಥವರಿಗೆ ಈ ಕಥೆ ದೂರದ್ದಲ್ಲ. ನಮ್ಮ ಡಿಗ್ರಿ ಬರೇ ಬೂದಿಯಾದರೆ ಎರಡೇ ದಾರಿ: ಒಂದೋ ಕೇರಿಯನ್ನು ಮುಟ್ಟಬೇಡ ಅನ್ನುವುದು, ಇಲ್ಲವೇ ಯಾರೋ ನೀರು ಹಾಕಿದಾಗ ಎಲ್ಲ ಕಳೆದುಕೊಳ್ಳುವುದು. ಕೇರಿಯಲ್ಲಿ ನಿಂತು, ಯಾರೂ ತೊಳೆಯಲಾಗದ ವಿದ್ಯೆ ನಮಗೆ ಬೇಕು.

ಇನ್ನೊಂದು ಮಾತು. ಗಾಣಗಾಪುರದಲ್ಲಿ ಯಾತ್ರಿಕರು ಮಧ್ಯಾಹ್ನ ಜೋಳಿಗೆ ಹಿಡಿದು ಮನೆ ಮನೆಗೆ ಮಧುಕರಿ ಬೇಡುತ್ತಾರೆ. ಶ್ರೀಮಂತರೂ ಬೇಡುತ್ತಾರೆ, ಅದು ಪುಣ್ಯ. ಸುತ್ತಲ ಹಳ್ಳಿಗಳಲ್ಲಿ ವರ್ಷವಿಡೀ ಚಾಕರಿ ಮಾಡಿದ ಕೇರಿಯವನು ರಾಶಿ ಕಾಲದಲ್ಲಿ ಕಣದ ಹೊರಗೆ ನಿಂತು ತನ್ನ ಆಯ ಕೇಳಿದರೆ ಅದು ಭಿಕ್ಷೆ. ದುಡಿದು ಕೇಳಿದವನಿಗೆ ಅವಮಾನ, ದುಡಿಯದೆ ಬೇಡಿದವನಿಗೆ ಮೋಕ್ಷ. ಇದಕ್ಕೆ ಏನನ್ನೋಣ?

ದಫ್ತರ

ಹದಿನೆಂಟನೆಯ ಶತಮಾನದಿಂದ 1948ರವರೆಗೆ ಈ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಎಷ್ಟೋ ಹಳ್ಳಿಗಳು ಜಾಗೀರು, ಪಾಯಗಾ. ಆದರೆ ಹಳ್ಳಿಯ ಮನುಷ್ಯನಿಗೆ ನಿಜಾಮ ಕಾಣುತ್ತಿರಲಿಲ್ಲ. ಕಾಣುತ್ತಿದ್ದವರು ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ. ಅವರ ಮೇಲೆ ದೇಶಮುಖ, ದೇಶಪಾಂಡೆ. ಕಂದಾಯ ಒಬ್ಬರ ಕೈಯಲ್ಲಿ, ಲಾಠಿ ಒಬ್ಬರ ಕೈಯಲ್ಲಿ, ಲೆಕ್ಕ ಒಬ್ಬರ ಕೈಯಲ್ಲಿ.

ಕೆಳಗೆ ಯಾರಿದ್ದರು? ತಳವಾರ ಇದ್ದ, ವಾಲೀಕಾರ ಇದ್ದ, ಹಲಗೆ ಬಡಿಯುವವನಿದ್ದ. ಇವೆಲ್ಲ ಇವತ್ತು ನಮ್ಮ ಹುಡುಗರ ಅಡ್ಡಹೆಸರು. ಕ್ಲಾಸಿನಲ್ಲಿ ಹಾಜರಿ ಕರೆಯುವ ಮಾಸ್ತರರೆ, ಒಮ್ಮೆ ನಿಮ್ಮ ಹಾಜರಿ ಪುಸ್ತಕವನ್ನೇ ಚರಿತ್ರೆಯ ಪುಸ್ತಕವೆಂದು ಓದಿ ನೋಡಿರಿ. ಮಾಲಿಪಾಟೀಲ ಅನ್ನುವ ಅಡ್ಡಹೆಸರಿನ ಹಿಂದೆ ಹೊಲ ಇದೆ, ವಾಡೆ ಇದೆ. ವಾಲೀಕಾರ ಅನ್ನುವ ಅಡ್ಡಹೆಸರಿನ ಹಿಂದೆ ಬರೇ ಚಾಕರಿ ಇದೆ.

ಆ ಚಾಕರಿ ಎಂಥದ್ದು? ಡಂಗುರ ಸಾರುವುದು, ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಊರೂರಿಗೆ ಒಯ್ಯುವುದು, ಅಧಿಕಾರಿ ಬಂದರೆ ಕುದುರೆಗೆ ಹುಲ್ಲು ಹಾಕುವುದು, ಕಂದಾಯದ ಹಣಕ್ಕೆ ಕಾವಲಾಗಿ ನಡೆಯುವುದು, ದಫ್ತರದ ಗಂಟನ್ನು ತಲೆ ಮೇಲೆ ಹೊತ್ತು ಕುಲಕರ್ಣಿಯ ಹಿಂದೆ ಹೋಗುವುದು. ಊರಗಡಿಯ ತಂಟೆ ಬಂದರೆ ಗಡಿಕಲ್ಲು ಎಲ್ಲಿತ್ತು ಅಂತ ತೋರಿಸಲು ಕೇರಿಯ ಹಿರಿಯನನ್ನೇ ಕರೆಯುತ್ತಿದ್ದರು. ಅವನು ನಡೆದ ದಾರಿಯೇ ಗಡಿ. ಅವನ ಮಾತಿಗೆ ಅಷ್ಟು ಬೆಲೆ ಇತ್ತು.

ಇದನ್ನು ಗಮನಿಸಿರಿ ಗೆಳೆಯರೆ. ಊರಿನ ಪ್ರತಿ ಬದು, ಪ್ರತಿ ಕಲ್ಲು, ಪ್ರತಿ ಹಳ್ಳದ ತಿರುವು ಬಲ್ಲವನು ಆ ಊರಿನ ಒಂದು ಗೇಣು ಎರೆಗೂ ಒಡೆಯನಲ್ಲ. ಊರಿನ ಇಡೀ ದಫ್ತರ ತಲೆ ಮೇಲೆ ಹೊತ್ತವನಿಗೆ ಅದರೊಳಗಿನ ಒಂದಕ್ಷರವೂ ಗೊತ್ತಿಲ್ಲ. ನೆನಪೆಲ್ಲ ನಮ್ಮದು, ಬರಹವೆಲ್ಲ ಅವರದು. ನಮ್ಮ ಸೀಮೆಯ ಚರಿತ್ರೆ ಒಂದೇ ಮಾತಿನಲ್ಲಿ ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಸಾಲಕ್ಕೆ ಕಟ್ಟುಬಿದ್ದು ದುಡಿಯುವ ಆಳಿಗೆ ಸಂಸ್ಥಾನದ ಕಾಗದದಲ್ಲಿ ಭಗೇಲ ಅಂತ ಹೆಸರು. 1936ರಲ್ಲಿ ನಿಜಾಮ ಸರ್ಕಾರ ಭಗೇಲ ಕರಾರುಗಳಿಗೆ ಮಿತಿ ಹಾಕುವ ಕಾಯ್ದೆ ತಂದಿತು. ಕಾಯ್ದೆ ಉರ್ದುವಿನಲ್ಲಿ, ಆಳು ಕೊಟ್ಟಿಗೆಯಲ್ಲಿ. ಓದಿ ಹೇಳುವವರು ಯಾರು? ಸಾಲ ಕೊಟ್ಟವನೇ!

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೈನ್ಯ ಬಂದು ಸಂಸ್ಥಾನ ಮುಗಿಯಿತು. ಅದಕ್ಕೂ ಮುಂಚೆ ರಜಾಕಾರರ ದಾಂಧಲೆಯಲ್ಲಿ ಹಳ್ಳಿಗಳು ಸುಟ್ಟವು, ಜನ ಊರು ಬಿಟ್ಟು ಓಡಿದರು. ಅದು ಪುಸ್ತಕದಲ್ಲಿದೆ. ಆಮೇಲೆ ಆದದ್ದು ಬಹಳ ದಿನ ಪುಸ್ತಕಕ್ಕೆ ಬರಲಿಲ್ಲ. ಪೊಲೀಸ್ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ನಂತರ ಬಡ ಮುಸ್ಲಿಮರ ಮೇಲೆ ನಡೆದ ಕೊಲೆ, ಲೂಟಿಯನ್ನು ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲರ ತಂಡ ಬರೆದಿಟ್ಟಿತು. ಸಂಸ್ಥಾನದಲ್ಲಿ ಒ‌ಟ್ಟು 27,000ದಿಂದ 40,000 ಜನ ಸತ್ತಿರಬಹುದೆಂದು ಅದರ ಅಂದಾಜು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ, ಬೀದರ, ನಾಂದೇಡದ ಜೊತೆ ನಮ್ಮ ಗುಲಬರ್ಗಾವೂ ಒಂದು. ಆ ವರದಿ ಜನರ ಕಣ್ಣಿಗೆ ಬೀಳಲು 2013 ಬರಬೇಕಾಯಿತು. ಸೆಪ್ಟೆಂಬರ್ 17ರಂದು ಬಾವುಟ ಏರಿಸುವಾಗ ಎರಡೂ ಕಡೆಯ ಹೆಣಗಳನ್ನು ನೆನೆಯದಿದ್ದರೆ ಅದು ಅರ್ಧ ಚರಿತ್ರೆ. ಸತ್ತವರಲ್ಲಿ ಯಾವ ಕಡೆಯಲ್ಲೂ ದೇಶಮುಖರು, ನವಾಬರು ಕಡಿಮೆ. ಇದನ್ನೂ ಮರೆಯಬಾರದು.

ಕಾಯ್ದೆ

1949ರಲ್ಲಿ ಜಾಗೀರು ಹೋಯಿತು. 1950ರಲ್ಲಿ ಹೈದರಾಬಾದ ಗೇಣಿ ಕಾಯ್ದೆ ಬಂತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆಯಾಯಿತು. 1974ರಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿ ಉಳುವವನೇ ಒಡೆಯ ಅಂದಿತು. 1976ರಲ್ಲಿ ಜೀತ ನಿಷೇಧದ ಕಾಯ್ದೆ. ಒಂದರ ಮೇಲೊಂದು ಒಳ್ಳೆಯ ಕಾಯ್ದೆ. ಆದರೂ ಕೇರಿ ಅಲ್ಲೇ ಯಾಕೆ ಉಳಿಯಿತು?

ಕಾರಣ ಕಾಗದ. ಉಳುವವನೇ ಒಡೆಯ ಅನ್ನುವ ಕಾಯ್ದೆ ಗೇಣಿದಾರನನ್ನು ಕಂಡಿತು, ಆಳನ್ನು ಕಾಣಲಿಲ್ಲ. ನಮೂನೆ 7 ತುಂಬಿ ಟ್ರಿಬ್ಯುನಲ್ಲಿನ ಮುಂದೆ ನಿಲ್ಲಲು ಗೇಣಿಯ ಸಾಕ್ಷಿ ಬೇಕು. ಜೀತದಾಳು ತಲೆತಲಾಂತರ ಉತ್ತರೂ ಅವನು ಗೇಣಿದಾರನಲ್ಲ. ಕೈಯಲ್ಲಿ ನೇಗಿಲಿತ್ತು, ಪಹಣಿಯಲ್ಲಿ ಹೆಸರಿರಲಿಲ್ಲ. ಅಂಗೈಯ ಜಡ್ಡನ್ನು ಯಾವ ಟ್ರಿಬ್ಯುನಲ್ಲು ದಾಖಲೆ ಅಂತ ಒಪ್ಪೀತು?

1978ರಲ್ಲಿ ಇನ್ನೊಂದು ಕಾಯ್ದೆ ಬಂತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ, ಅನುಮತಿ ಇಲ್ಲದೆ ಪರಭಾರೆ ಮಾಡಿದರೆ ಅದು ಅಸಿಂಧು. ಜಮೀನು ಮೂಲ ಮಂಜೂರಿದಾರನಿಗೋ ಅವನ ವಾರಸುದಾರರಿಗೋ ಮರಳಿ ಬರಬೇಕು. ಪಿಟಿಸಿಎಲ್ ಅಂತ ಕರೆಯುವುದು ಇದನ್ನೇ. ಬಹಳ ದೊಡ್ಡ ಕಾಯ್ದೆ. ಆದರೆ ಅದರ ವ್ಯಾಖ್ಯೆ ಓದಿರಿ. ವಂಶಪಾರಂಪರ್ಯದ ಹುದ್ದೆಗಳಿಗೆ ಸಂಬಂಧಿಸಿದ ಜಮೀನು ಅದರೊಳಗೆ ಬರುವುದಿಲ್ಲ. ಅಂದರೆ ಹಲಗೆ ಬಡಿದು, ಹೆಣದ ಸುದ್ದಿ ಹೊತ್ತು ನಮ್ಮ ಹಿರಿಯರು ಉಳಿಸಿಕೊಂಡ ಚಾಕರಿ ಹೊಲಕ್ಕೆ ಈ ಛತ್ರಿ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಬಹಳ ವರ್ಷ ತಡವಾಗಿ ಬಂದ ಅರ್ಜಿ ನಿಲ್ಲದು, ಸಮಂಜಸ ಕಾಲದಲ್ಲಿ ಬರಬೇಕಿತ್ತು ಅಂದಿತು. ಆಮೇಲೆ ಎಷ್ಟೋ ಅರ್ಜಿಗಳು ಬಿದ್ದುಹೋದವು. ದಲಿತ ಸಂಘಟನೆಗಳು ಬೀದಿಗೆ ಬಂದು ಹೋರಾಡಿದವು. 2023ರಲ್ಲಿ ಶಾಸನಸಭೆ ತಿದ್ದುಪಡಿ ತಂದು ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಅಂತ ಬರೆಯಿತು.

ಕಾಲಮಿತಿ ಇಲ್ಲ ಅಂದರೆ ಏನರ್ಥ? ಅಜ್ಜನ ಕಾಲದ್ದನ್ನು ಮೊಮ್ಮಗ ಕೇಳಬಹುದು ಅಂತ. ಕೇಳಬೇಕಾದರೆ ಅಜ್ಜನಿಗೆ ಯಾವ ವರ್ಷ, ಯಾವ ಸರ್ವೆ ನಂಬರಿನಲ್ಲಿ, ಎಷ್ಟು ಎಕರೆ ಮಂಜೂರಾಗಿತ್ತು ಅಂತ ತೋರಿಸಬೇಕು. ನಮ್ಮ ಭಾಗದಲ್ಲಿ ಹಳೆಯ ಕಾಗದ ಉರ್ದುವಿನಲ್ಲಿದೆ, ತಾರೀಖು ಫಸಲಿ ವರ್ಷದಲ್ಲಿದೆ. ಫಸಲಿಗೆ 590 ಕೂಡಿಸಿದರೆ ಇಸವಿ ಹತ್ತಿರ ಹತ್ತಿರ ಸಿಗುತ್ತದೆ, 1358 ಫಸಲಿ ಅಂದರೆ 1948-49. ಕುಲಕರ್ಣಿಗಳ ಕೆಲವು ಲೆಕ್ಕ ಮೋಡಿ ಲಿಪಿಯಲ್ಲಿದೆ. 1954-55ರ ಖಾಸ್ರಾ ಪಹಣಿ ಈ ಭಾಗದ ಎಷ್ಟೋ ತಕರಾರುಗಳಿಗೆ ಬುನಾದಿ. ಚರಿತ್ರೆ ಓದುವುದು ಅಂದರೆ ನಮಗೆ ಇದು. ಅದು ಪರೀಕ್ಷೆಗೆ ಮುಗಿಯುವ ವಿಷಯವಲ್ಲ.

ದನಿ

ಕಾಗದ ಇಲ್ಲದವರು ಸುಮ್ಮನೆ ಕೂತಿರಲಿಲ್ಲ. 1968ರ ಏಪ್ರಿಲ್ 29ರಂದು ಗುಲಬರ್ಗಾದಲ್ಲಿ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದರು. ಬೆಂಗಳೂರು, ಮೈಸೂರಿನಲ್ಲಿ 1973ರ ಬೂಸಾ ಗಲಾಟೆ ಏಳುವುದಕ್ಕೂ, ದಲಿತ ಸಂಘರ್ಷ ಸಮಿತಿ ಕಟ್ಟುವುದಕ್ಕೂ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟುವುದಕ್ಕೂ ಮುಂಚಿನ ಮಾತಿದು. ದಲಿತ ಚಳವಳಿಯ ಚರಿತ್ರೆಯನ್ನು ದಕ್ಷಿಣದಿಂದಲೇ ಸುರು ಮಾಡುವ ಗೆಳೆಯರು ಈ ತಾರೀಖನ್ನು ಬರೆದಿಟ್ಟುಕೊಳ್ಳಬೇಕು.

ಗ್ರಾಮ ಚಾಕರಿಯ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಚೆನ್ನಣ್ಣ ವಾಲೀಕಾರ (1943-2019) ಅದೇ ಹೆಸರನ್ನು ಕನ್ನಡ ಪುಸ್ತಕಗಳ ಮುಖಪುಟದ ಮೇಲೆ ತಂದರು. ಗೀತಾ ನಾಗಭೂಷಣ (1942-2020) ಈ ಸೀಮೆಯ ದುಡಿಯುವ ಹೆಣ್ಣಿನ ಮಾತನ್ನು ಇದೇ ಆಡುನುಡಿಯಲ್ಲಿ ಕಾದಂಬರಿ ಮಾಡಿದರು. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದಕ್ಕೂ ಬಹಳ ಹಿಂದೆ, ಜೇವರ್ಗಿ ಸೀಮೆಯ ಕಡಕೋಳದಲ್ಲಿ ಮಡಿವಾಳಪ್ಪ ತತ್ವಪದ ಹಾಡಿ ಜಾತಿಯ ಡಂಭವನ್ನು ಝಾಡಿಸಿದ್ದ. ಚೆನ್ನೂರಿನ ಜಲಾಲಸಾಹೇಬ ಅವನ ಶಿಷ್ಯ. ಹಿಂದೂ ಮುಸ್ಲಿಂ ಅನ್ನುವ ಗೋಡೆ ಏಕತಾರಿಯ ಮುಂದೆ ನಿಲ್ಲುತ್ತಿರಲಿಲ್ಲ. ಬರಹ ಅವರದಾಗಿದ್ದ ಕಾಲದಲ್ಲೂ ದನಿ ನಮ್ಮದಿತ್ತು ಅನ್ನುವುದಕ್ಕೆ ಇದು ಸಾಕ್ಷಿ.

ಇವತ್ತು

ಇವತ್ತಿನ ಚೌಡಾಪುರ ಸೀಮೆಯಲ್ಲಿ ಕಬ್ಬು ಬಂದಿದೆ. ಅಫಜಲಪುರ ತಾಲೂಕಿನ ಸೊನ್ನದಲ್ಲಿ ಭೀಮೆಗೆ ಬ್ಯಾರೇಜು, ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ. ನೀರು ಇದ್ದವನಿಗೆ ಕಬ್ಬು, ಇಲ್ಲದವನಿಗೆ ತೊಗರಿ, ಹೊಲವೇ ಇಲ್ಲದವನಿಗೆ ಗುಳೆ. ಪುಣೆ, ಮುಂಬಯಿ, ಸೋಲಾಪುರ, ಹೈದರಾಬಾದ, ಬೆಂಗಳೂರು. 2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಕೂಸು ಕಟ್ಟಿಕೊಂಡು ಊರ ಕಡೆ ನಡೆದವರಲ್ಲಿ ನಮ್ಮ ಜಿಲ್ಲೆಯ ಜನ ಇದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಮಳೆ, ಉಜನಿ ಅಣೆಕಟ್ಟಿನ ನೀರು ಒಟ್ಟಾಗಿ ಬಂದು ಭೀಮಾ ದಂಡೆಯ ಅಫಜಲಪುರ, ಜೇವರ್ಗಿ ಹಳ್ಳಿಗಳು ಮುಳುಗಿದವು. ಬರದಲ್ಲಿ ನೀರಿಗಾಗಿ ಸಾಯುವ ಸೀಮೆ ನೀರಿನಲ್ಲೂ ಸತ್ತಿತು.

ಹೆಸರುಗಳೂ ಬದಲಾದವು. 2014ರಲ್ಲಿ ಗುಲಬರ್ಗಾ ಕಲಬುರಗಿ ಆಯಿತು. 2019ರಲ್ಲಿ ಹೈದರಾಬಾದ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು. 2012ರ ಸಂವಿಧಾನ ತಿದ್ದುಪಡಿಯಿಂದ 371 ಜೆ ಬಂದು ಓದಿನಲ್ಲಿ, ನೌಕರಿಯಲ್ಲಿ ಈ ಭಾಗದವರಿಗೆ ಪಾಲು ಸಿಕ್ಕಿತು. ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಎದ್ದಿತು. ಇವು ಸಣ್ಣ ಸಂಗತಿಗಳಲ್ಲ. ಆದರೆ ಕಲ್ಯಾಣ ಅನ್ನುವ ಹೆಸರು ಇಟ್ಟುಕೊಂಡರೆ ಒಂದು ಜವಾಬ್ದಾರಿ ಇದೆ. ಹರಳಯ್ಯನ ಮನೆಯ ಮದುವೆಗೆ ರಕ್ತ ಕೊಟ್ಟ ಕಲ್ಯಾಣ ಅದು. ಆ ಹೆಸರನ್ನು ಬೋರ್ಡಿನ ಮೇಲೆ ಬರೆದು ಕೇರಿಯ ನಳಕ್ಕೆ ಬೇರೆ ಪೈಪು ಹಾಕಿದರೆ ಅದು ಯಾವ ಕಲ್ಯಾಣ?

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ವಿದ್ಯಾರ್ಥಿಗಳೇ, ಈ ರಜೆಗೆ ಊರಿಗೆ ಹೋದಾಗ ಕೇರಿಯ ಅತ್ಯಂತ ಹಿರಿಯರ ಹತ್ತಿರ ಕೂತುಕೊಳ್ಳಿರಿ. ಹೊಲಗಳ ಹೆಸರು ಕೇಳಿರಿ. ಪ್ರತಿ ಹೊಲಕ್ಕೂ ಒಂದು ಹೆಸರಿದೆ, ಆ ಹೆಸರಿನಲ್ಲಿ ಯಾರು ಉತ್ತರು, ಯಾರು ಸತ್ತರು ಅನ್ನುವುದಿದೆ. ಯಾವ ಬಾವಿಯ ನೀರು ಯಾವಾಗ ಮುಟ್ಟಿದೆವು, ಯಾವ ಹೋಟೆಲಿನಲ್ಲಿ ಬೇರೆ ಲೋಟ ಯಾವಾಗ ನಿಂತಿತು ಅಂತ ಇಸವಿ ಹಾಕಿ ಬರೆಯಿರಿ. ಅಜ್ಜಿಯಂದಿರನ್ನು ಮರೆಯಬೇಡಿರಿ, ಕೂಲಿ ಎಷ್ಟಿತ್ತು ಅನ್ನುವ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು. ಮಾಸ್ತರರೆ, ನಿಮ್ಮ ಶಾಲೆಯ ದಾಖಲಾತಿ ರಿಜಿಸ್ಟರ್ ತೆಗೆದು, ಕೇರಿಯ ಮೊದಲ ಹುಡುಗ ಯಾವ ವರ್ಷ ಬಂದ, ಮೊದಲ ಹುಡುಗಿ ಯಾವ ವರ್ಷ ಬಂದಳು ಅಂತ ನೋಡಿ ಗೋಡೆಯ ಮೇಲೆ ಬರೆಯಿರಿ. ಅದು ನಿಮ್ಮ ಊರಿನ ಶಾಸನ. ಕಾರ್ಯಕರ್ತ ಗೆಳೆಯರೆ, ಉರ್ದು ಬಲ್ಲ ಹಿರಿಯರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಅವರ ಮುಂದೆ ಕೂತು ಹಳೆಯ ಪಹಣಿ, ಸೇತ್ವಾರ್ ಓದಿಸಿರಿ, ಕನ್ನಡದಲ್ಲಿ ಬರೆದುಕೊಳ್ಳಿರಿ. ಮಾಹಿತಿ ಹಕ್ಕಿನಲ್ಲಿ ಮಂಜೂರಿ ವಹಿಯ ನಕಲು ಕೇಳಿರಿ.

ದಫ್ತರ ಹೊತ್ತ ತಲೆಗಳು ನಮ್ಮ ಹಿರಿಯರವು. ಗಂಟು ಬಿಚ್ಚಿ ಓದುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಚೌಡಾಪುರ ಒಂದು ಹೆಸರು ಮಾತ್ರ. ಆ ಜಾಗದಲ್ಲಿ ನಿಮ್ಮ ಊರಿನ ಹೆಸರು ಹಾಕಿಕೊಂಡು ಬರೆಯಲು ಸುರು ಮಾಡಿರಿ.